ಓದುಗರ ಸಮಯ ಉಳಿಸಲು ಹೊರಟ ಗಣಿತದ ಮೇಷ್ಟ್ರು: ಎಸ್. ಆರ್. ರಂಗನಾಥನ್

ಈ ಸಂಚಿಕೆಯ ವ್ಯಕ್ತಿಚಿತ್ರಕ್ಕೆ ನಾವು ಆರಿಸಿಕೊಂಡವರು ಎಂಜಿನಿಯರ್ ಅಲ್ಲ. ಗಣಿತದ ಮೇಷ್ಟ್ರಾಗಿದ್ದು, ಆಮೇಲೆ ಲೈಬ್ರರಿಯನ್ ಆದವರು. ಹೆಸರು ಶಿಯಾಳಿ ರಾಮಾಮೃತ ರಂಗನಾಥನ್. ಗ್ರಂಥಾಲಯ ವಿಜ್ಞಾನ ಓದುವವರಿಗೆ ಈ ಹೆಸರು ಮೊದಲ ಪಾಠದಲ್ಲೇ ಸಿಗುತ್ತದೆ. ಡಿಬಿಎಂಎಸ್ ಓದುವ ನಮ್ಮಂಥವರಿಗೆ ಸಿಗುವುದೇ ಇಲ್ಲ. ಆದರೆ ಅವರು ಜೀವನವಿಡೀ ಹಿಡಿದು ಕೂತ ಪ್ರಶ್ನೆ ನಮ್ಮದೂ ಹೌದು: ಇಟ್ಟದ್ದು ಹೆಚ್ಚಾದ ಹಾಗೆ ಹುಡುಕುವುದು ನಿಧಾನ ಆಗುತ್ತದಲ್ಲ, ಅದಕ್ಕೆ ಎಂತ ಮಾಡುವುದು?

ಮೊದಲು ಒಂದು ಕಲ್ಪನೆಯ ಲೆಕ್ಕ. ಕಲ್ಲುಗುಂಡಿ ಪೇಟೆಯಲ್ಲಿ ಒಂದು ಅಡಿಕೆ ಖರೀದಿ ಅಂಗಡಿ ಉಂಟು ಅಂತ ಇಟ್ಟುಕೊಳ್ಳಿ. ಸುತ್ತಿನ 1,500 ಬೆಳೆಗಾರರು ಅಲ್ಲಿಗೆ ಅಡಿಕೆ ತರುತ್ತಾರೆ. ದಿನಕ್ಕೆ 200 ಚೀಟಿ, ವರ್ಷಕ್ಕೆ 300 ದಿನ ವ್ಯಾಪಾರ. ವರ್ಷಕ್ಕೆ 60,000 ಸಾಲು ಆಯಿತು. ಯಾರೋ ಫೈನಲ್ ಇಯರ್ ಹುಡುಗರು ಪ್ರಾಜೆಕ್ಟ್ ಅಂತ ಒಂದು ಸಾಫ್ಟ್‌ವೇರ್ ಮಾಡಿಕೊಟ್ಟಿದ್ದಾರೆ. ಮೊದಲ ವರ್ಷ ಗುಂಡಿ ಒತ್ತಿದ ಕೂಡಲೇ ಲೆಕ್ಕ ಬರುತ್ತಿತ್ತು. ಹತ್ತು ವರ್ಷ ಕಳೆದು ಟೇಬಲ್‌ನಲ್ಲಿ 6 ಲಕ್ಷ ಸಾಲು ಆಗಿದೆ. ಈಗ ಎಲ್ಲ ಬೆಳೆಗಾರರ ವರ್ಷದ ಲೆಕ್ಕ ಬೇಕು ಅಂದರೆ ಪರದೆಯ ಮೇಲೆ ಚಕ್ರ ತಿರುಗುತ್ತಾ ಇರುತ್ತದೆ. ಕೌಂಟರಿನ ಎದುರು ಸಾಲದ ಕಾಗದಕ್ಕಾಗಿ ಬಂದವರು ನಿಂತೇ ಇರುತ್ತಾರೆ. ಪ್ರೋಗ್ರಾಮಿನ ಒಂದು ಗೆರೆಯೂ ಬದಲಾಗಿಲ್ಲ. ಬೆಳೆದದ್ದು ಡೇಟಾ ಮಾತ್ರ.

ಅಂಗಡಿಯವರಿಗೆ ಸಿಗುವ ಸಲಹೆ ಹೆಚ್ಚಾಗಿ ಒಂದೇ: ಹೊಸ ಕಂಪ್ಯೂಟರ್ ತಕ್ಕೊಳ್ಳಿ, ರ‍್ಯಾಮ್ ಹಾಕಿಸಿ. ರಂಗನಾಥನ್ ಈ ದಾರಿ ಹಿಡಿಯುತ್ತಿರಲಿಲ್ಲ. ಅವರು ಏನು ಮಾಡುತ್ತಿದ್ದರು ಅನ್ನುವುದು ಅವರ ಜೀವನದಲ್ಲೇ ಉಂಟು.

ಮಂಗಳೂರಿಗೆ ಬಂದ ಮೇಷ್ಟ್ರು

ರಂಗನಾಥನ್ ಹುಟ್ಟಿದ್ದು 1892ರಲ್ಲಿ, ತಂಜಾವೂರು ಜಿಲ್ಲೆಯ ಶಿಯಾಳಿಯಲ್ಲಿ. ಈಗ ಆ ಊರನ್ನು ಸೀರ್ಕಾಳಿ ಅನ್ನುತ್ತಾರೆ. ಅವರ ಹುಟ್ಟುಹಬ್ಬವೆಂದು ಆಗಸ್ಟ್ 12ನ್ನು ನಮ್ಮ ದೇಶದಲ್ಲಿ ಗ್ರಂಥಪಾಲಕರ ದಿನವಾಗಿ ಆಚರಿಸುತ್ತಾರೆ. ಆರು ವರ್ಷದವರಿದ್ದಾಗಲೇ ತಂದೆ ತೀರಿಕೊಂಡರು. ಚಿಕ್ಕಂದಿನಿಂದ ಮಾತಿನಲ್ಲಿ ತೊದಲು ಇತ್ತು. ಅದನ್ನು ಹಟ ಹಿಡಿದು ದಾಟಿದರು. ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿ ಎಡ್ವರ್ಡ್ ರಾಸ್ ಎಂಬ ಗುರುಗಳ ಕೈಕೆಳಗೆ ಗಣಿತ ಓದಿ 1916ರಲ್ಲಿ ಎಂ.ಎ. ಮಾಡಿದರು. ಸೈದಾಪೇಟೆಯಲ್ಲಿ ಅಧ್ಯಾಪಕ ತರಬೇತಿಯೂ ಆಯಿತು.

1917ರಲ್ಲಿ ಸಿಕ್ಕಿದ ಕೆಲಸ ನಮ್ಮ ಮಂಗಳೂರಿನಲ್ಲೇ. ದಕ್ಷಿಣ ಕನ್ನಡ ಆಗ ಮದ್ರಾಸ್ ಪ್ರಾಂತ್ಯದ ಭಾಗ. ಸರ್ಕಾರಿ ಕಾಲೇಜಿನ ಮೇಷ್ಟ್ರಿಗೆ ಮದ್ರಾಸಿನಿಂದ ಮಂಗಳೂರಿಗೆ ಪೋಸ್ಟಿಂಗ್ ಆಗುವುದು ಸಾಮಾನ್ಯ ಸಂಗತಿ. ಮಂಗಳೂರಿನ ಗವರ್ನ್‌ಮೆಂಟ್ ಕಾಲೇಜಿನಲ್ಲಿ, ಅಂದರೆ ಹಂಪನಕಟ್ಟೆಯಲ್ಲಿರುವ ಇಂದಿನ ವಿಶ್ವವಿದ್ಯಾನಿಲಯ ಕಾಲೇಜಿನಲ್ಲಿ, ಅವರು ಪಾಠ ಮಾಡಿದರು. ಆಮೇಲೆ ಕೊಯಮತ್ತೂರು, ಅಲ್ಲಿಂದ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜು. ಗಣಿತ ಬಿಡುವ ಯೋಚನೆ ಆಗ ಅವರಿಗೆ ಇರಲಿಲ್ಲ. ಗಣಿತದ ಮೇಲಿನ ಪ್ರೀತಿ ಕೊನೆವರೆಗೂ ಹೋಗಲಿಲ್ಲ. ಎಷ್ಟೋ ವರ್ಷ ಕಳೆದು, 1967ರಲ್ಲಿ, ಗಣಿತಜ್ಞ ರಾಮಾನುಜನ್ ಅವರ ಮೇಲೆ ಒಂದು ಪುಸ್ತಕ ಬರೆದರು.

ಮದ್ರಾಸ್ ವಿಶ್ವವಿದ್ಯಾಲಯ ತನ್ನ ಲೈಬ್ರರಿಗೆ ಒಬ್ಬ ಲೈಬ್ರರಿಯನ್ ಬೇಕು ಅಂತ ಕರೆದಾಗ ಅರ್ಜಿ ಹಾಕಿದವರು ಸುಮಾರು 900 ಜನ. ಅವರಲ್ಲಿ ಲೈಬ್ರರಿ ನಡೆಸುವ ತರಬೇತಿ ಪಡೆದವರು ಇಲ್ಲವೆಂದೇ ಹೇಳಬಹುದು. ರಂಗನಾಥನ್ ಅವರಿಗೂ ಇರಲಿಲ್ಲ. ಸಂದರ್ಶನಕ್ಕೆ ಮೊದಲು ವಿಶ್ವಕೋಶದಲ್ಲಿ ಗ್ರಂಥಾಲಯದ ಬಗ್ಗೆ ಇದ್ದ ಲೇಖನ ಓದಿಕೊಂಡು ಹೋದರಂತೆ. ಮೇಷ್ಟ್ರ ಸಂಬಳಕ್ಕಿಂತ ಅಲ್ಲಿಯ ಸಂಬಳ ಒಳ್ಳೆಯದಿತ್ತು. 1924ರ ಜನವರಿಯಲ್ಲಿ ಸೇರಿದರು. ಕೆಲವೇ ದಿನದಲ್ಲಿ ಬೇಜಾರು ಹಿಡಿಯಿತು. ಕ್ಲಾಸಿನಲ್ಲಿ ಹುಡುಗರ ಗಲಾಟೆಯ ನಡುವೆ ಇದ್ದವರಿಗೆ ಆ ಖಾಲಿ ಕೋಣೆಯ ಮೌನ ತಡೆಯಲಾಗಲಿಲ್ಲ. ನನ್ನನ್ನು ವಾಪಸ್ ಕಾಲೇಜಿಗೆ ಕಳಿಸಿ ಎಂದು ಕೇಳಲು ಹೋದರು. ಮೊದಲು ಲಂಡನ್ನಿಗೆ ಹೋಗಿ ಈ ವಿದ್ಯೆ ಕಲಿತು ಬನ್ನಿ, ಆಮೇಲೂ ಬೇಡವಾದರೆ ನೋಡೋಣ ಎಂದು ಅವರನ್ನು ಒಪ್ಪಿಸಿದರು.

ಆಟಿಕೆಯ ಅಂಗಡಿಯಲ್ಲಿ ಸಿಕ್ಕಿದ ಉತ್ತರ

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಅವರಿಗೆ ಸಿಕ್ಕಿದ ಗುರು ಬರ್ವಿಕ್ ಸೇಯರ್ಸ್. ಕ್ರಾಯ್ಡನ್ ಊರಿನ ಸಾರ್ವಜನಿಕ ಗ್ರಂಥಾಲಯದ ಮುಖ್ಯಸ್ಥರು. ತರಗತಿಗಿಂತ ಹೆಚ್ಚಾಗಿ ರಂಗನಾಥನ್ ಊರೂರು ತಿರುಗಿ ಲೈಬ್ರರಿಗಳನ್ನು ನೋಡಿದರು. ಅಲ್ಲಿ ಕೂಲಿಯವರು, ಹೆಂಗಸರು, ಮಕ್ಕಳು ಎಲ್ಲ ಬಂದು ಪುಸ್ತಕ ಒಯ್ಯುವುದು ಕಂಡಿತು. ಬೇಜಾರು ಅಲ್ಲಿಗೆ ಮುಗಿಯಿತು. ವಾಪಸ್ ಗಣಿತಕ್ಕೆ ಹೋಗುವ ಮಾತು ಮತ್ತೆ ಬರಲಿಲ್ಲ.

ಆದರೆ ಒಂದು ವಿಷಯ ಅವರ ಗಣಿತದ ತಲೆಗೆ ಸರಿ ಕಾಣಲಿಲ್ಲ. ಆ ಲೈಬ್ರರಿಗಳಲ್ಲಿ ಹೆಚ್ಚು ಬಳಕೆಯಲ್ಲಿದ್ದದ್ದು ಅಮೆರಿಕದ ಮೆಲ್ವಿಲ್ ಡ್ಯೂಯಿ 1876ರಲ್ಲಿ ತಂದ ದಶಾಂಶ ಪದ್ಧತಿ. ಅದರಲ್ಲಿ ಜಗತ್ತಿನ ವಿಷಯಗಳಿಗೆಲ್ಲ ಮೊದಲೇ ಪಟ್ಟಿ ಮಾಡಿ ಒಂದೊಂದು ನಂಬರು ಕೊಟ್ಟಿರುತ್ತದೆ. ಪಟ್ಟಿ ಮಾಡಿದ ಮೇಲೆ ಹುಟ್ಟಿದ ವಿಷಯಕ್ಕೆ ಎಲ್ಲಿ ಜಾಗ? ಎರಡು ಮೂರು ವಿಷಯ ಸೇರಿದ ಪುಸ್ತಕ ಬಂದರೆ ಅದನ್ನು ಯಾವುದೋ ಒಂದರ ಅಡಿಗೆ ತುರುಕಬೇಕು. ಪುಸ್ತಕ ಕಡಿಮೆ ಇದ್ದಾಗ ಇದು ಗೊತ್ತಾಗುವುದಿಲ್ಲ. ಸಾವಿರ ಲಕ್ಷವಾದಾಗ ಒಂದೇ ನಂಬರಿನ ಅಡಿ ನೂರಾರು ಪುಸ್ತಕ ರಾಶಿ ಬೀಳುತ್ತದೆ. ಬೇಕಾದ ಒಂದನ್ನು ಹುಡುಕಲು ಅಷ್ಟನ್ನೂ ತಡಕಬೇಕು.

ಲಂಡನ್ನಿನ ಸೆಲ್‌ಫ್ರಿಜಸ್ ಎಂಬ ದೊಡ್ಡ ಅಂಗಡಿಯಲ್ಲಿ ಅವರು ಮೆಕ್ಯಾನೊ ಆಟಿಕೆ ನೋಡಿದ್ದು ಆಗ. ಲೋಹದ ಪಟ್ಟಿ, ಚಕ್ರ, ನಟ್ಟು, ಬೋಲ್ಟು. ಅದೇ ತುಂಡುಗಳಿಂದ ಒಮ್ಮೆ ಕ್ರೇನು, ಇನ್ನೊಮ್ಮೆ ಗಾಡಿ. ಬೇಕಾದ ಆಟಿಕೆಗಳನ್ನೆಲ್ಲ ಮೊದಲೇ ಮಾಡಿ ಇಡಬೇಕಾಗಿಲ್ಲ, ತುಂಡುಗಳು ಮತ್ತು ಜೋಡಿಸುವ ನಿಯಮ ಇದ್ದರೆ ಸಾಕು. ವಿಷಯಗಳನ್ನೂ ಹೀಗೇ ಮಾಡಬಹುದಲ್ಲ ಅಂತ ಅವರಿಗೆ ಹೊಳೆಯಿತು. ಭಾರತದಲ್ಲಿ ಎಕ್ಸ್-ರೇ ಬಳಸಿ ಶ್ವಾಸಕೋಶದ ಕ್ಷಯಕ್ಕೆ ಮಾಡುವ ಚಿಕಿತ್ಸೆ ಅನ್ನುವ ಪುಸ್ತಕ ಬಂದರೆ, ಅಂಗ ಒಂದು ತುಂಡು, ರೋಗ ಒಂದು, ಚಿಕಿತ್ಸೆ ಒಂದು, ದೇಶ ಒಂದು, ಕಾಲ ಇನ್ನೊಂದು. ತುಂಡುಗಳ ನಡುವೆ ಬೋಲ್ಟಿನ ಹಾಗೆ ಒಂದು ಕೋಲನ್ ಚಿಹ್ನೆ. ಇದೇ ಕೋಲನ್ ವರ್ಗೀಕರಣ. ಪುಸ್ತಕವಾಗಿ ಅಚ್ಚಾದದ್ದು 1933ರಲ್ಲಿ. ಮುಂದೆ ಅವರು ಈ ತುಂಡುಗಳನ್ನು ಐದು ಜಾತಿಯೆಂದು ವಿಂಗಡಿಸಿ, ಯಾವುದು ಮೊದಲು, ಯಾವುದು ಆಮೇಲೆ ಎಂಬ ಕ್ರಮವನ್ನೂ ಗಟ್ಟಿ ಮಾಡಿದರು. ಅತಿ ನಿರ್ದಿಷ್ಟವಾದದ್ದು ಮೊದಲು, ದೇಶ ಮತ್ತು ಕಾಲ ಕೊನೆಗೆ.

ಈ ಕ್ರಮದ ವಿಷಯ ನಮಗೆ ಬಹಳ ಮುಖ್ಯ. ಕಲ್ಲುಗುಂಡಿಯ ಅಂಗಡಿಗೇ ಬನ್ನಿ. ಒಬ್ಬ ಬೆಳೆಗಾರರ ಒಂದು ವರ್ಷದ ಚೀಟಿಗಳು ಬೇಕು. ಬೆಳೆಗಾರ, ತಾರೀಕು, ಈ ಎರಡು ಕಾಲಂ ಸೇರಿಸಿ ಒಂದು ಇಂಡೆಕ್ಸ್ ಮಾಡುತ್ತೇವೆ. ಯಾವುದು ಮುಂದೆ ಇರಬೇಕು? ತಾರೀಕನ್ನು ಮುಂದಿಟ್ಟರೆ ಆ ವರ್ಷದ 60,000 ನಮೂದುಗಳೂ ಒಟ್ಟಿಗೆ ಇರುತ್ತವೆ, ಅವುಗಳ ನಡುವೆ ಈ ಬೆಳೆಗಾರರದ್ದು ಚದುರಿರುತ್ತದೆ. ಅಷ್ಟನ್ನೂ ದಾಟಿ ಹೋಗಬೇಕು. ಬೆಳೆಗಾರರನ್ನು ಮುಂದಿಟ್ಟರೆ ಅವರ ಆ ವರ್ಷದ 40 ಚೀಟಿ ಸಾಲಾಗಿ ಪಕ್ಕಪಕ್ಕ ಸಿಗುತ್ತವೆ. ಕಾಲಂ ಅವೇ ಎರಡು, ಡೇಟಾ ಅದೇ. ಬದಲಾದದ್ದು ಕ್ರಮ ಮಾತ್ರ. ಸಮಾನ ಚಿಹ್ನೆಯಿಂದ ಕೇಳುವ ಕಾಲಂ ಮೊದಲು, ಇಂದಿನಿಂದ ಅಂದಿನವರೆಗೆ ಎಂದು ಕೇಳುವ ಕಾಲಂ ಆಮೇಲೆ, ಇದು ನಾವು ನೆನಪಿಡಬೇಕಾದ ನಿಯಮ. ಹಾಗೆಯೇ, ಬೆಳೆಗಾರರನ್ನು ಮುಂದಿಟ್ಟ ಇಂಡೆಕ್ಸು ಬರೀ ತಾರೀಕು ಹಿಡಿದು ಹುಡುಕುವವರಿಗೆ ಹೆಚ್ಚು ಉಪಕಾರ ಮಾಡುವುದಿಲ್ಲ. ಯಾರು ಏನು ಕೇಳುತ್ತಾರೆ ಅಂತ ತಿಳಿಯದೆ ಕ್ರಮ ನಿರ್ಧರಿಸಲು ಆಗುವುದಿಲ್ಲ.

ಓದುಗರ ಹಿಂದೆಯೇ ನಡೆದು ನೋಡಿದವರು

1925ರಲ್ಲಿ ರಂಗನಾಥನ್ ಮದ್ರಾಸಿಗೆ ವಾಪಸಾದರು. ಆ ಕಾಲದ ಲೈಬ್ರರಿಗಳಲ್ಲಿ ಓದುಗರು ಕಪಾಟಿನ ಹತ್ತಿರ ಹೋಗುವ ಹಾಗಿರಲಿಲ್ಲ. ಚೀಟಿ ಬರೆದು ಕೊಡಬೇಕು, ಒಳಗಿನಿಂದ ಜವಾನ ಪುಸ್ತಕ ತರಬೇಕು. ತಂದದ್ದು ಬೇಕಾದದ್ದಲ್ಲವೆಂದರೆ ಇನ್ನೊಂದು ಚೀಟಿ. ಅದೂ ಅಲ್ಲದಿದ್ದರೆ ಮತ್ತೊಂದು. ಪುಸ್ತಕ ಕಳೆಯಬಾರದು ಎಂಬುದೇ ದೊಡ್ಡ ಚಿಂತೆ, ಓದಲಿ ಎಂಬುದು ಆಮೇಲೆ.

ರಂಗನಾಥನ್ ಕಪಾಟುಗಳನ್ನು ಓದುಗರಿಗೆ ತೆರೆದು ಬಿಟ್ಟರು. ಬಾಗಿಲು ತೆರೆದಿರುವ ಹೊತ್ತು ಹೆಚ್ಚಿಸಿದರು. ರಜೆಯ ದಿನವೂ ಲೈಬ್ರರಿ ಇರುವ ಹಾಗೆ ಮಾಡಿದರು. ತಾವೂ ವಾರದ ಏಳು ದಿನ, ದಿನಕ್ಕೆ ಹನ್ನೆರಡು ಹದಿಮೂರು ಗಂಟೆ ಅಲ್ಲೇ ಇರುತ್ತಿದ್ದರು. ಸುಮಾರು ಇಪ್ಪತ್ತು ವರ್ಷ ರಜೆ ಹಾಕದೆ ದುಡಿದರು ಎಂದು ಅವರನ್ನು ಬಲ್ಲವರು ಹೇಳಿಕೊಂಡು ಬಂದಿದ್ದಾರೆ. ಮನೆಯ ಕಡೆ ಆ ವರ್ಷಗಳು ಸುಲಭದವಾಗಿರಲಿಲ್ಲ. 1928ರಲ್ಲಿ ಪತ್ನಿ ರುಕ್ಮಿಣಿ ತೀರಿಕೊಂಡರು. ಮರುವರ್ಷ ಶಾರದಾ ಅವರನ್ನು ಮದುವೆಯಾದರು.

ಅದೇ 1928ರಲ್ಲಿ ಅವರ ಐದು ಸೂತ್ರಗಳು ರೂಪುಗೊಂಡವು. 1931ರಲ್ಲಿ ಪುಸ್ತಕವಾಗಿ ಬಂದವು. ಪುಸ್ತಕ ಇರುವುದು ಬಳಕೆಗೆ, ಕಾದಿಡಲು ಅಲ್ಲ ಅನ್ನುವಲ್ಲಿಂದ ಹೊರಟು, ಪ್ರತಿಯೊಬ್ಬ ಓದುಗರಿಗೂ ಅವರಿಗೆ ತಕ್ಕ ಪುಸ್ತಕ, ಪ್ರತಿಯೊಂದು ಪುಸ್ತಕಕ್ಕೂ ತಕ್ಕ ಓದುಗರು ಸಿಗಬೇಕು ಅನ್ನುವವರೆಗೆ ಮೂರು. ನಾಲ್ಕನೆಯದು ಓದುಗರ ಸಮಯ ಹಾಳಾಗಬಾರದು ಎಂಬುದು. ಐದನೆಯದು ಗ್ರಂಥಾಲಯ ಜೀವ ಇರುವ ಪ್ರಾಣಿಯ ಹಾಗೆ ಬೆಳೆಯುತ್ತಲೇ ಇರುತ್ತದೆ ಎಂಬುದು. ಕೇಳಿದರೆ ಇಷ್ಟೇಯಾ ಅನ್ನಿಸಬಹುದು. ಆದರೆ ನಾಲ್ಕು ಮತ್ತು ಐದನ್ನು ಪಕ್ಕಪಕ್ಕ ಇಟ್ಟು ನೋಡಿ. ಬೆಳೆಯುತ್ತಾ ಹೋಗಬೇಕು, ಹುಡುಕುವ ಸಮಯ ಮಾತ್ರ ಬೆಳೆಯಬಾರದು. ನಮ್ಮ ಡೇಟಾಬೇಸಿನ ಗೋಳು ಪೂರ್ತಿ ಇದರಲ್ಲೇ ಉಂಟು.

ನಾಲ್ಕನೇ ಸೂತ್ರವನ್ನು ಪರೀಕ್ಷಿಸಲು ಅವರು ಹೇಳಿದ ವಿಧಾನ ಬಹಳ ಸರಳ. ಓದುಗರೊಬ್ಬರು ಬಾಗಿಲು ದಾಟಿ ಒಳಗೆ ಬಂದಲ್ಲಿಂದ ಪುಸ್ತಕ ಹಿಡಿದು ಹೊರಗೆ ಹೋಗುವ ತನಕ ಅವರ ಹಿಂದೆಯೇ ಹೋಗಿ. ಪ್ರತಿಯೊಂದು ಹೆಜ್ಜೆಯಲ್ಲಿ ಎಷ್ಟು ಹೊತ್ತು ಹೋಯಿತು, ಯಾಕೆ ಹೋಯಿತು ಎಂದು ನೋಡಿ. ಚೀಟಿ ಕೊಟ್ಟು ಕಾಯುವುದರಲ್ಲಿ ಹೋಯಿತಾ, ಕ್ಯಾಟಲಾಗಿನಲ್ಲಿ ಹೆಸರು ಸಿಗದೆ ಹೋಯಿತಾ, ಕಪಾಟು ಕೈಗೆ ಎಟುಕದೆ ಹೋಯಿತಾ, ಪುಸ್ತಕ ಬರೆಸಿಕೊಳ್ಳುವ ಮೇಜಿನ ಹತ್ತಿರ ಹೋಯಿತಾ? ನಿಧಾನ ಅನ್ನುವುದು ಒಂದೇ ರೋಗ ಅಲ್ಲ. ಎಲ್ಲಿ ನಿಧಾನ ಅಂತ ಗೊತ್ತಾಗದೆ ಕಟ್ಟಡ ದೊಡ್ಡದು ಮಾಡಿದರೆ ಉಪಯೋಗ ಇಲ್ಲ.

ಪೋಸ್ಟ್‌ಗ್ರೆಸ್, ಮೈಎಸ್‌ಕ್ಯೂಎಲ್ ಎರಡರಲ್ಲೂ ಕ್ವೆರಿಯ ಮುಂದೆ ಎಕ್ಸ್‌ಪ್ಲೇನ್ ಅನಲೈಜ್ ಅಂತ ಬರೆದರೆ ಇದೇ ಕೆಲಸ ಆಗುತ್ತದೆ. ಕ್ವೆರಿ ನಿಜವಾಗಿ ನಡೆದು, ಯಾವ ಹೆಜ್ಜೆಯಲ್ಲಿ ಎಷ್ಟು ಸಾಲು ಓದಿತು, ಎಷ್ಟು ಹೊತ್ತು ಹಿಡಿಯಿತು ಅಂತ ವರದಿ ಬರುತ್ತದೆ. ಒಂದು ಎಚ್ಚರ: ಕ್ವೆರಿ ನಿಜವಾಗಿ ನಡೆಯುತ್ತದೆ ಅಂದೆವಲ್ಲ, ಅಳಿಸುವ, ಬದಲಾಯಿಸುವ ಕಮಾಂಡಿನ ಮುಂದೆ ಇದನ್ನು ಹಾಕಿ ಆಟ ಆಡಬೇಡಿ.

ಅಂಗಡಿಯ ಕ್ವೆರಿಯನ್ನು ಹೀಗೆ ಹಿಂಬಾಲಿಸಿದರೆ ಮೊದಲು ಕಾಣುವುದು ಸೀಕ್ವೆನ್ಶಿಯಲ್ ಸ್ಕ್ಯಾನ್. ಅಂದರೆ ಇಂಡೆಕ್ಸ್ ಇಲ್ಲ, ಟೇಬಲ್ ಪೂರ್ತಿ ಓದುತ್ತಾ ಉಂಟು. ಒಂದು ಸಾಲಿಗೆ 100 ಬೈಟ್ ಅಂದರೆ 6 ಲಕ್ಷ ಸಾಲಿಗೆ 60 ಎಂಬಿ. 8 ಕೆಬಿಯ ಪುಟಗಳಾಗಿ ಲೆಕ್ಕ ಹಾಕಿದರೆ 7,300 ಪುಟ ದಾಟುತ್ತದೆ. ಬೇಕಾದದ್ದು 40 ಚೀಟಿ. ಅದಕ್ಕೆ ಓದಿದ್ದು ಏಳು ಸಾವಿರಕ್ಕೂ ಹೆಚ್ಚು ಪುಟ. ಹಳೆಯ ಕಂಪ್ಯೂಟರಿನಲ್ಲಿ ಇದಕ್ಕೆ ಅರ್ಧ ಸೆಕೆಂಡು ಹಿಡಿಯಿತು ಅನ್ನಿ. ಅರ್ಧ ಸೆಕೆಂಡಿಗೆ ಯಾರೂ ಬೊಬ್ಬೆ ಹೊಡೆಯುವುದಿಲ್ಲ.

ಬೊಬ್ಬೆ ಏಳುವುದು ಎರಡನೇ ಕಾರಣಕ್ಕೆ. ಎಲ್ಲರ ವರ್ಷದ ಲೆಕ್ಕ ತೆಗೆಯುವ ಆ ಪ್ರೋಗ್ರಾಮ್, ಮೊದಲು 1,500 ಬೆಳೆಗಾರರ ಪಟ್ಟಿ ತರುತ್ತದೆ. ಮತ್ತೆ ಲೂಪ್ ಹಾಕಿ ಒಬ್ಬೊಬ್ಬರಿಗೆ ಒಂದೊಂದು ಕ್ವೆರಿ ಕಳಿಸುತ್ತದೆ. 1,500 ಸಲ ಅರ್ಧ ಸೆಕೆಂಡು ಅಂದರೆ 750 ಸೆಕೆಂಡು, ಹನ್ನೆರಡೂವರೆ ನಿಮಿಷ. ಇದು ಥೇಟ್ ಆ ಹಳೆಯ ಲೈಬ್ರರಿಯ ಚೀಟಿ ಪದ್ಧತಿ. ಒಂದು ಚೀಟಿ, ಒಂದು ಸಲ ಒಳಗೆ ಹೋಗಿ ಬರುವುದು. ಜವಾನನಿಗೆ ಎಷ್ಟು ವೇಗದ ಕಾಲು ಕೊಟ್ಟರೂ ಪ್ರಯೋಜನ ಇಲ್ಲ, ಹೋಗಿ ಬರುವ ಸಲಗಳೇ ಹೆಚ್ಚಾಯಿತಲ್ಲ! ಆ ವರ್ಷದ ಚೀಟಿಗಳನ್ನೆಲ್ಲ ಒಂದೇ ಕ್ವೆರಿಯಲ್ಲಿ ತೆಗೆದು ಬೆಳೆಗಾರರ ಪ್ರಕಾರ ಗುಂಪು ಮಾಡಿದರೆ ಟೇಬಲನ್ನು ಒಂದು ಸಲ ಓದಿದರೆ ಮುಗಿಯಿತು. ಹನ್ನೆರಡು ನಿಮಿಷದ ಕೆಲಸ ಒಂದೆರಡು ಸೆಕೆಂಡಿಗೆ ಇಳಿಯುತ್ತದೆ. ಇಲ್ಲಿ ಇಂಡೆಕ್ಸ್ ಬೇಕಾಗಲೂ ಇಲ್ಲ. ಹೊಸ ಕಂಪ್ಯೂಟರ್ ಮೊದಲೇ ಬೇಡ.

ಕಾರ್ಡಿನ ಡ್ರಾಯರು ಮತ್ತು ಬಿ-ಟ್ರೀ

ಕಪಾಟಿನಲ್ಲಿ ಪುಸ್ತಕ ನಿಲ್ಲುವುದು ಒಂದೇ ಕ್ರಮದಲ್ಲಿ. ವಿಷಯದ ಕ್ರಮದಲ್ಲಿ ನಿಲ್ಲಿಸಿದರೆ ಲೇಖಕರ ಹೆಸರಿನಿಂದ ಹುಡುಕುವವರಿಗೆ ಕಷ್ಟ. ಅದಕ್ಕಾಗಿ ಕ್ಯಾಟಲಾಗ್ ಬೇಕು. ರಂಗನಾಥನ್ ಕ್ಯಾಟಲಾಗಿಗೂ ನಿಯಮಗಳ ಪುಸ್ತಕ ಬರೆದರು, 1934ರಲ್ಲಿ. ವರ್ಗ ಸಂಖ್ಯೆಯ ತುಂಡುಗಳಿಂದಲೇ ವಿಷಯಸೂಚಿಯ ನಮೂದುಗಳನ್ನು ಸರಪಳಿಯ ಹಾಗೆ ಒಂದೊಂದಾಗಿ ಬಿಡಿಸಿ ತೆಗೆಯುವ ವಿಧಾನವನ್ನೂ ಕಟ್ಟಿದರು. ಸೂಚಿ ಮಾಡುವವರು ತಲೆಗೆ ತೋಚಿದ ಹಾಗೆ ಪದ ಆರಿಸುವುದು ತಪ್ಪಿತು. ಕಪಾಟಿನ ಕ್ರಮ ನಮ್ಮ ಭಾಷೆಯಲ್ಲಿ ಕ್ಲಸ್ಟರ್ಡ್ ಇಂಡೆಕ್ಸ್, ಕ್ಯಾಟಲಾಗಿನದ್ದು ಸೆಕೆಂಡರಿ ಇಂಡೆಕ್ಸ್.

ಕ್ಯಾಟಲಾಗನ್ನು ದಪ್ಪ ಪುಸ್ತಕದಲ್ಲಿ ಬರೆದಿಟ್ಟರೆ ನಡುವೆ ಹೊಸ ಹೆಸರು ಸೇರಿಸಲು ಜಾಗ ಇರುವುದಿಲ್ಲ. ಬೆಳೆಯುವ ಲೈಬ್ರರಿಗೆ ಬಿಡಿ ಕಾರ್ಡುಗಳೇ ಸರಿ. ಕಾರ್ಡಿನ ಡ್ರಾಯರನ್ನು ಲೈಬ್ರರಿಯವರು ಬಾಯಿ ತನಕ ತುಂಬುವುದಿಲ್ಲ, ಸ್ವಲ್ಪ ಖಾಲಿ ಬಿಡುತ್ತಾರೆ. ತುಂಬಿ ಹೋದರೆ ಅರ್ಧ ಕಾರ್ಡು ಹೊಸ ಡ್ರಾಯರಿಗೆ ಹಾಕಿ, ಹೊರಗಿನ ಲೇಬಲ್ ಬದಲಾಯಿಸುತ್ತಾರೆ. ಬಿ-ಟ್ರೀ ಪಾಠದಲ್ಲಿ ಪುಟ ತುಂಬಿದಾಗ ಎರಡಾಗಿ ಒಡೆದು, ಮೇಲಿನ ಪುಟದಲ್ಲಿ ಹೊಸ ಕೀ ಬರೆಯುವುದನ್ನು ನೆನಪು ಮಾಡಿಕೊಳ್ಳಿ. ಒಂದೇ ಕೆಲಸ.

ಒಂದು ಪುಟದಲ್ಲಿ 300 ಕೀ ಹಿಡಿಯುತ್ತದೆ ಅಂದರೆ ಎರಡು ಮಜಲಿನಲ್ಲಿ 90,000, ಮೂರು ಮಜಲಿನಲ್ಲಿ 2 ಕೋಟಿ 70 ಲಕ್ಷ. ನಮ್ಮ ಅಂಗಡಿಯ 6 ಲಕ್ಷಕ್ಕೆ ಮೂರೇ ಮಜಲು ಸಾಕು. ವ್ಯಾಪಾರ ಹತ್ತು ಪಾಲು ಹೆಚ್ಚಿ 60 ಲಕ್ಷ ಆದರೂ ಮೂರೇ. ಒಬ್ಬರ 40 ಚೀಟಿ ಬೇಕಾದರೆ ಇಂಡೆಕ್ಸಿನ ಮೂರು ನಾಲ್ಕು ಪುಟ, ಟೇಬಲ್‌ನ ಹೆಚ್ಚೆಂದರೆ 40 ಪುಟ. ಏಳು ಸಾವಿರದ ಜಾಗದಲ್ಲಿ ನಲವತ್ತು ಚಿಲ್ಲರೆ. ಬೆಳೆದರೂ ಹುಡುಕುವ ಹೊತ್ತು ಬೆಳೆಯದಿರುವುದು ಅಂದರೆ ಇದು.

ಹಾಗಂತ ಎಲ್ಲ ಕಾಲಂಗೂ ಇಂಡೆಕ್ಸ್ ಹಾಕಿ ಬಿಡುವುದಾ? ಬೇಡ. ಒಂದು ಪುಸ್ತಕ ಬಂದರೆ ಲೇಖಕರಿಗೊಂದು, ಹೆಸರಿಗೊಂದು, ವಿಷಯಕ್ಕೊಂದು ಕಾರ್ಡು ಬರೆಯಬೇಕು. ಕಾರ್ಡು ಹೆಚ್ಚಾದಷ್ಟು ಪುಸ್ತಕ ಕಪಾಟಿಗೆ ಹೋಗುವುದು ತಡ. ಇಂಡೆಕ್ಸೂ ಹಾಗೆಯೇ, ಪ್ರತಿ ಹೊಸ ಚೀಟಿಗೆ ಎಲ್ಲ ಇಂಡೆಕ್ಸುಗಳಲ್ಲೂ ಬರೆಯಬೇಕು. ಅಡಿಕೆಯ ಜಾತಿ ಅಂತ ಒಂದು ಕಾಲಂ ಇದೆ ಅನ್ನಿ: ಹೊಸತು, ಚೋಲ್, ಪಟೋರ, ಕರಿಗೋಟು, ಹೀಗೆ ನಾಲ್ಕೈದು ಬೆಲೆಗಳು ಮಾತ್ರ. ಅದರ ಮೇಲೆ ಬರೀ ಒಂದು ಇಂಡೆಕ್ಸ್ ಹಾಕಿ ಚೋಲ್ ಹುಡುಕಿದರೆ ಟೇಬಲ್‌ನ ಕಾಲು ಭಾಗ ಎದ್ದು ಬರುತ್ತದೆ. ಅದಕ್ಕಿಂತ ಟೇಬಲ್ ಪೂರ್ತಿ ಓದುವುದೇ ಲಾಭ ಎಂದು ಡೇಟಾಬೇಸ್ ಆ ಇಂಡೆಕ್ಸನ್ನು ಮುಟ್ಟುವುದೇ ಇಲ್ಲ. ಇಂಡೆಕ್ಸ್ ಇದ್ದೂ ಯಾಕೆ ಬಳಸುವುದಿಲ್ಲ ಅಂತ ಕೇಳುವವರಿಗೆ ಒಂದು ಉತ್ತರ ಇದು.

ಇನ್ನೊಂದು ಉತ್ತರ, ತಾರೀಕಿನ ಕಾಲಂನಿಂದ ವರ್ಷವನ್ನು ಫಂಕ್ಷನ್ ಹಾಕಿ ತೆಗೆದು ಹೋಲಿಸುವುದು. ಇಂಡೆಕ್ಸ್‌ನಲ್ಲಿ ಇರುವುದು ತಾರೀಕು, ವರ್ಷ ಅಲ್ಲ. ವರ್ಷದ ಮೊದಲ ದಿನದಿಂದ ಮುಂದಿನ ವರ್ಷದ ಮೊದಲ ದಿನದ ಒಳಗೆ ಎಂದು ಕೇಳಿದರೆ ಅದೇ ಇಂಡೆಕ್ಸ್ ಕೆಲಸಕ್ಕೆ ಬರುತ್ತದೆ. ಮೂರನೆಯದು ಹಳಸಿದ ಅಂದಾಜು. ಯಾವ ದಾರಿ ಹಿಡಿಯಬೇಕೆಂದು ಡೇಟಾಬೇಸ್ ತೀರ್ಮಾನಿಸುವುದು ತಾನು ಹಿಂದೆ ತೆಗೆದಿಟ್ಟ ಅಂಕಿಅಂಶ ನೋಡಿ. ಎಕ್ಸ್‌ಪ್ಲೇನ್ ಅನಲೈಜ್ ವರದಿಯಲ್ಲಿ ಅಂದಾಜು 10 ಸಾಲು, ನಿಜವಾಗಿ 60,000 ಸಾಲು ಅಂತ ಕಂಡರೆ ಅಲ್ಲೇ ನಿಲ್ಲಿ. ಅನಲೈಜ್ ಕಮಾಂಡ್ ಕೊಟ್ಟು ಅಂಕಿಅಂಶ ಹೊಸತು ಮಾಡಿ, ಆಮೇಲೆ ಮುಂದಿನ ಮಾತು.

ಬನಾರಸಿನ ಲಕ್ಷ ಪುಸ್ತಕ

ಮದ್ರಾಸ್ ಬಿಟ್ಟ ಮೇಲೆ ರಂಗನಾಥನ್ 1945ರಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾಲಯಕ್ಕೆ ಹೋದರು. ಅಲ್ಲಿದ್ದ ಸುಮಾರು ಒಂದು ಲಕ್ಷ ಪುಸ್ತಕಗಳನ್ನು ಎರಡು ವರ್ಷದ ಒಳಗೆ ತಾವೇ ಕೈಯಾರೆ ವರ್ಗೀಕರಿಸಿದರು. ಐವತ್ತು ದಾಟಿದ ವಯಸ್ಸಿನಲ್ಲಿ! ದೊಡ್ಡ ಟೇಬಲಿನ ಇಂಡೆಕ್ಸನ್ನು ಪೂರ್ತಿ ಹೊಸತಾಗಿ ಕಟ್ಟುವುದು ಅಂದರೆ ಎಂತ ಅಂತ ತಿಳಿಯಲು ಇದಕ್ಕಿಂತ ದೊಡ್ಡ ಉದಾಹರಣೆ ಬೇಡ. 1947ರಿಂದ ದೆಹಲಿ ವಿಶ್ವವಿದ್ಯಾಲಯ, ಆಮೇಲೆ ಕೆಲವು ವರ್ಷ ಜ್ಯೂರಿಕ್. 1957ರಲ್ಲಿ ಪದ್ಮಶ್ರೀ ಬಂತು.

ಅವರ ಕೆಲಸದಲ್ಲಿ ತೊಡಕೂ ಇತ್ತು, ಅದನ್ನು ಮುಚ್ಚಿಟ್ಟರೆ ಅವರಿಗೇ ಅನ್ಯಾಯ. ಕೋಲನ್ ಪದ್ಧತಿಯ ಸಂಖ್ಯೆಗಳು ಉದ್ದ, ಅಕ್ಷರ, ಅಂಕಿ, ಚಿಹ್ನೆ ಎಲ್ಲ ಬೆರೆತದ್ದು. ಕಪಾಟಿನ ಎದುರು ನಿಂತ ಓದುಗರಿಗೆ ಓದುವುದೇ ಕಷ್ಟ. ಅವರು ಸುಮ್ಮನೆ ಕೂರುವ ಜಾಯಮಾನದವರಲ್ಲ, ಹೊಸ ಆವೃತ್ತಿ ಬಂದಾಗಲೆಲ್ಲ ನಿಯಮ ಬದಲಾಗುತ್ತಿತ್ತು. ನಿಯಮ ಬದಲಾದರೆ ಹಳೆಯ ಪುಸ್ತಕದ ಬೆನ್ನಿನ ಲೇಬಲ್ ಯಾರು ಬದಲಾಯಿಸುವುದು? ಕೊನೆಗೆ ನಮ್ಮ ದೇಶದಲ್ಲೂ ಹೆಚ್ಚಿನ ಲೈಬ್ರರಿಗಳು ಡ್ಯೂಯಿಯ ಪದ್ಧತಿಯಲ್ಲೇ ಉಳಿದವು. ಕಾಗದದ ಮೇಲೆ ಎಷ್ಟೇ ಚಂದದ ವಿನ್ಯಾಸ ಇದ್ದರೂ, ಈಗಾಗಲೇ ಇರುವ ಡೇಟಾವನ್ನು ಅದಕ್ಕೆ ಸಾಗಿಸುವ ಖರ್ಚನ್ನೂ ಲೆಕ್ಕಕ್ಕೆ ತಕ್ಕೊಳ್ಳಬೇಕು. ಆದರೆ ವಿಷಯವನ್ನು ಮುಖಗಳಾಗಿ ಬಿಡಿಸಿ ನೋಡುವ ಅವರ ಆಲೋಚನೆ ಸಾಯಲಿಲ್ಲ. ಆನ್‌ಲೈನ್ ಅಂಗಡಿಯಲ್ಲಿ ಬೆಲೆ, ಬಣ್ಣ, ಕಂಪನಿ ಅಂತ ಪಕ್ಕದಲ್ಲಿ ಟಿಕ್ ಮಾಡಿ ಹುಡುಕುತ್ತೀರಲ್ಲ, ಅದು ಆ ಆಲೋಚನೆಯದ್ದೇ ವಂಶ.

ಬೆಂಗಳೂರಿನ ಕೊನೆಯ ವರ್ಷಗಳು

ವಿದೇಶದಿಂದ ಬಂದ ಮೇಲೆ ರಂಗನಾಥನ್ ನೆಲೆಸಿದ್ದು ಬೆಂಗಳೂರಿನಲ್ಲಿ. 1962ರಲ್ಲಿ ಭಾರತೀಯ ಸಾಂಖ್ಯಿಕ ಸಂಸ್ಥೆಯ ಆಶ್ರಯದಲ್ಲಿ ಅಲ್ಲಿ ಡಿಆರ್‌ಟಿಸಿ, ಅಂದರೆ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರ, ಶುರು ಮಾಡಿದರು. ಆಗ ಅವರಿಗೆ ಎಪ್ಪತ್ತು. ಕಾರ್ಖಾನೆಗಳಲ್ಲಿ, ಪ್ರಯೋಗಾಲಯಗಳಲ್ಲಿ ಕೆಲಸ ಮಾಡುವವರಿಗೆ ಬೇಕಾದ ಲೇಖನ ಬೇಕಾದ ಹೊತ್ತಿಗೆ ಸಿಗಬೇಕು, ಅಂಥ ಮಾಹಿತಿ ಸೇವೆ ಮಾಡುವವರನ್ನು ತಯಾರು ಮಾಡುವುದು ಅದರ ಕೆಲಸ. 1965ರಲ್ಲಿ ಸರ್ಕಾರ ಅವರನ್ನು ರಾಷ್ಟ್ರೀಯ ಸಂಶೋಧನಾ ಪ್ರಾಧ್ಯಾಪಕರನ್ನಾಗಿ ಮಾಡಿತು. ಉಳಿಸಿದ ಹಣದಲ್ಲಿ ದೊಡ್ಡ ಪಾಲನ್ನು ಅವರು ಗ್ರಂಥಾಲಯ ವಿಜ್ಞಾನಕ್ಕೇ ಕೊಟ್ಟರು. ಪತ್ನಿಯ ಹೆಸರಿನಲ್ಲಿ ಶಾರದಾ ರಂಗನಾಥನ್ ದತ್ತಿ ಸ್ಥಾಪನೆಯಾಯಿತು.

ನಮ್ಮ ಊರುಗಳಿಗೂ ಅವರ ಋಣ ಉಂಟು. ಹಳ್ಳಿಯ ಜನರಿಗೂ ಲೈಬ್ರರಿ ಕಾನೂನಿನ ಹಕ್ಕಾಗಿ ಸಿಗಬೇಕು ಎಂದು ಅವರು 1930ರಿಂದಲೇ ಮಾದರಿ ಕಾಯ್ದೆ ಬರೆಯುತ್ತಿದ್ದರು. ಅದರ ಫಲವಾಗಿ 1948ರಲ್ಲಿ ಮದ್ರಾಸ್ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಬಂತು. ದಕ್ಷಿಣ ಕನ್ನಡ ಆಗ ಮದ್ರಾಸಿಗೆ ಸೇರಿದ್ದರಿಂದ ಅದು ನಮ್ಮ ಜಿಲ್ಲೆಗೂ ಅನ್ವಯಿಸಿತು. ಮೈಸೂರು ರಾಜ್ಯದ ಗ್ರಂಥಾಲಯ ಕಾಯ್ದೆ ಬಂದದ್ದು 1965ರಲ್ಲಿ. ಕಲ್ಲುಗುಂಡಿಯಂಥ ಊರಿನ ಹುಡುಗ ದುಡ್ಡು ಕೊಡದೆ ಪುಸ್ತಕ ಓದಬಹುದು ಅನ್ನುವುದರ ಹಿಂದೆ ಇಷ್ಟು ವರ್ಷದ ಓಡಾಟ ಇತ್ತು.

1970ರಲ್ಲಿ ಎಡ್ಗರ್ ಕಾಡ್ ರಿಲೇಶನಲ್ ಮಾದರಿಯ ಪ್ರಬಂಧ ಪ್ರಕಟಿಸಿದರು. ಬೇಯರ್ ಮತ್ತು ಮೆಕ್‌ಕ್ರೈಟ್ ಅವರ ಬಿ-ಟ್ರೀ ಪ್ರಬಂಧ ಪತ್ರಿಕೆಯಲ್ಲಿ ಬಂದದ್ದು 1972ರಲ್ಲಿ. ಅದೇ ವರ್ಷ ಸೆಪ್ಟೆಂಬರ್ 27ರಂದು ರಂಗನಾಥನ್ ಬೆಂಗಳೂರಿನಲ್ಲಿ ತೀರಿಕೊಂಡರು. ಕಾರ್ಡಿನ ಡ್ರಾಯರಿನ ಕಾಲ ಮುಗಿಯುತ್ತಾ, ಡಿಸ್ಕಿನ ಕಾಲ ಶುರುವಾಗುತ್ತಾ ಇದ್ದ ಹೊತ್ತು ಅದು.

ಈ ಸೆಮಿಸ್ಟರ್ ಮಿನಿ ಪ್ರಾಜೆಕ್ಟ್ ಮಾಡುವವರಿಗೆ ನಮ್ಮದೊಂದು ವಿನಂತಿ. ಡೆಮೊ ತೋರಿಸುವಾಗ ಟೇಬಲ್‌ನಲ್ಲಿ 20 ಸಾಲು ಇರುತ್ತದೆ, 20 ಸಾಲಿಗೆ ಯಾವ ಕ್ವೆರಿಯೂ ನಿಧಾನ ಆಗುವುದಿಲ್ಲ. ಒಂದು ಸಣ್ಣ ಸ್ಕ್ರಿಪ್ಟ್ ಬರೆದು 6 ಲಕ್ಷ ಸುಳ್ಳು ಸಾಲು ತುಂಬಿಸಿ. ಮತ್ತೆ ಪ್ರತಿಯೊಂದು ಗುಂಡಿ ಒತ್ತಿ, ಕ್ವೆರಿಯ ಹಿಂದೆಯೇ ಹೋಗಿ ನೋಡಿ: ಎಷ್ಟು ಸಲ ಕೇಳಿತು, ಎಷ್ಟು ಸಾಲು ಓದಿತು, ಎಷ್ಟು ಸಾಲು ನಿಜವಾಗಿ ಬೇಕಿತ್ತು. ಅಂಕಿ ಬರೆದಿಟ್ಟುಕೊಳ್ಳಿ, ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಮತ್ತೆ ಅಳೆಯಿರಿ. ಪ್ರಾಜೆಕ್ಟಿಗೆ ಮಾರ್ಕು ಕೊಡುವವರು ಒಂದು ದಿನ ನೋಡುತ್ತಾರೆ, ಬಳಸುವವರು ಹತ್ತು ವರ್ಷ ಕೌಂಟರಿನ ಎದುರು ನಿಲ್ಲುತ್ತಾರೆ.

ಡಿಆರ್‌ಟಿಸಿ ಈಗಲೂ ಬೆಂಗಳೂರಿನ ಮೈಸೂರು ರಸ್ತೆಯಲ್ಲಿ, ಭಾರತೀಯ ಸಾಂಖ್ಯಿಕ ಸಂಸ್ಥೆಯ ಆವರಣದಲ್ಲಿ ಉಂಟು. ಕಲ್ಲುಗುಂಡಿಯ ಮೇಲೆ ಹಾದು ಮಡಿಕೇರಿ ಘಾಟಿ ಹತ್ತುವ ರಾಷ್ಟ್ರೀಯ ಹೆದ್ದಾರಿ 275 ಮೈಸೂರು ದಾಟಿ ಹೋಗಿ ಸೇರುವುದು ಅದೇ ರಸ್ತೆಗೆ. ಇಂಟರ್ನ್‌ಶಿಪ್ಪಿಗೆ ಅಂತ ಆ ಬಸ್ಸು ಹತ್ತುವವರು ನಮ್ಮಲ್ಲಿ ತುಂಬಾ ಜನ ಇದ್ದಾರೆ. ಬೆಂಗಳೂರು ಸೇರುವ ಮುಂಚೆ ಆ ಗೇಟು ಕಂಡರೆ, ಒಳಗೆ ಯಾರ ಕೆಲಸ ಮುಂದುವರಿಯುತ್ತಾ ಉಂಟು ಅಂತ ಇನ್ನು ಮೇಲೆ ಗೊತ್ತಿರಲಿ.